ಸೋಲಾರ್ ಇರುವ ಮಲೆನಾಡಿನ ಮನೆಗೆ ಹೀಟ್ ಪಂಪ್ ಹಾಕಿದರೆ ಕರೆಂಟ್ ಎಷ್ಟು ಉಳಿಯುತ್ತದೆ?

ಹೊಸನಗರದ ಹತ್ತಿರ ಆರು ಜನರ ಮನೆ ನಿಮ್ಮದು. ಮಾಡಿನ ಮೇಲೆ ನೀರು ಕಾಯಿಸುವ ಸೋಲಾರ್ ಇದೆ, ಮಳೆ ಹಿಡಿದರೆ ಎರಡು ಗೀಸರ್ ಓಡುತ್ತವೆ. ಮಾರ್ಚ್ ಬಿಲ್ 130 ಯೂನಿಟ್, ಜುಲೈ ಬಿಲ್ 310. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವುದು 170 ಯೂನಿಟ್, ಯಾಕಂದ್ರೆ ಅದಕ್ಕೆ ಲೆಕ್ಕ ಹಿಡಿಯುವುದು 2022-23ರ ಬಳಕೆ, ಆಗ ಮನೆಯಲ್ಲಿ ಒಂದೇ ಗೀಸರ್ ಇತ್ತು. ಅಂಗಡಿಯವರು ಸ್ನಾನದ ನೀರು ಕಾಯಿಸುವ 1.2 ಲಕ್ಷದ ಹೀಟ್ ಪಂಪ್ ತೋರಿಸಿ, ಮುಕ್ಕಾಲು ಪಾಲು ಕರೆಂಟ್ ಉಳಿಯುತ್ತದೆ ಅಂದಿದ್ದಾರೆ. ನಂಬಬಹುದಾ ಅಂತ ಕೇಳಿದ್ದೀರಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೋಲಾರ್ ಸರಿಯಾಗಿರುವ ತನಕ ಹಾಕಿಸಬೇಡಿ. ಹೀಟ್ ಪಂಪ್ ಕೆಟ್ಟದು ಅಂತಲ್ಲ, ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಇದೆ, ಇಷ್ಟವಾಗಿದೆ. ಆದರೆ ನಮ್ಮದು ತೀರ್ಥಹಳ್ಳಿ ಕಡೆ, ಗುಡ್ಡದ ಬುಡದಲ್ಲಿರುವ ಮನೆ. ಸುತ್ತ ತೋಟ, ಹತ್ತೂವರೆ ತನಕ ಮಾಡಿಗೆ ಬಿಸಿಲು ಬೀಳುವುದಿಲ್ಲ. ಸೋಲಾರ್ ಪ್ರಶ್ನೆಯೇ ಇರಲಿಲ್ಲ. ವರ್ಷದ ಹನ್ನೆರಡು ತಿಂಗಳೂ ಗೀಸರ್. ನಿಮ್ಮ ಲೆಕ್ಕ ಬೇರೆ.

'ಮುಕ್ಕಾಲು ಪಾಲು' ಅನ್ನುವುದು ಎಲ್ಲಿಂದ ಬಂತು ಅಂತ ನೋಡೋಣ. ಹೀಟ್ ಪಂಪ್ ಕೆಲಸ ಮಾಡುವುದು ಫ್ರಿಜ್ ತರ. ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದೆ, ಇದು ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಸೇರಿಸುತ್ತದೆ. ಕರೆಂಟ್ ಖರ್ಚಾಗುವುದು ಮುಖ್ಯವಾಗಿ ಕಂಪ್ರೆಸರ್‌ಗೆ. ಒಂದು ಯೂನಿಟ್ ಕರೆಂಟ್‌ಗೆ ನಾಲ್ಕು ಯೂನಿಟ್ ಬಿಸಿ ಸಿಕ್ಕಿದರೆ ಉಳಿತಾಯ ಮುಕ್ಕಾಲು. ಮೂರು ಸಿಕ್ಕಿದರೆ ಮೂರನೇ ಎರಡು ಪಾಲು. ಎರಡೂವರೆ ಸಿಕ್ಕಿದರೆ ನೂರಕ್ಕೆ ಅರವತ್ತು. ಹೊರಗಿನ ಗಾಳಿ ತಣ್ಣಗಾದಷ್ಟೂ, ನೀರು ಜಾಸ್ತಿ ಬಿಸಿ ಬೇಕಾದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಕಾಗದದ ಮೇಲೆ ನಾಲ್ಕು ಅಂತ ಬರೆದಿದ್ದರೆ, ಎಷ್ಟು ಡಿಗ್ರಿ ಗಾಳಿಯಲ್ಲಿ, ನೀರನ್ನು ಎಷ್ಟು ಡಿಗ್ರಿಗೆ ಕಾಯಿಸಿ ಅಳೆದದ್ದು ಅಂತ ಕೇಳಿ.

ಇನ್ನೊಂದು ಮಾತು. ಈ ಉಳಿತಾಯ ಸ್ನಾನದ ನೀರಿಗೆ ಹೋಗುವ ಕರೆಂಟ್‌ನಲ್ಲಿ ಮಾತ್ರ, ಇಡೀ ಬಿಲ್‌ನಲ್ಲಿ ಅಲ್ಲ. ಆದ್ದರಿಂದ ಮೊದಲು ನೀರಿಗೆ ಎಷ್ಟು ಹೋಗುತ್ತಿದೆ ಅಂತ ಗೊತ್ತಾಗಬೇಕು.

ನಾನು ಪಂಪ್ ಹಾಕಿಸುವ ಮೊದಲು ಅಳೆದಿದ್ದೆ. ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ, ಕೈಯಲ್ಲಿ ಥರ್ಮಾಮೀಟರ್, ಮುಂದೆ ಇಪ್ಪತ್ತು ಲೀಟರ್ ಬಕೆಟ್. ನಲ್ಲಿಯಲ್ಲಿ ಬರುವ ನೀರು 22 ಡಿಗ್ರಿ. ಹದ ಮಾಡಿದ ಸ್ನಾನದ ನೀರು 40. ನಮ್ಮದೂ ಆರು ಜನರ ಮನೆ, ಒಬ್ಬೊಬ್ಬರಿಗೆ ಎರಡು ಬಕೆಟ್, ಒಟ್ಟು 240 ಲೀಟರ್. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ ಕರೆಂಟ್ ಅಂದರೆ 860 ಕಿಲೋಕ್ಯಾಲರಿ. 240 ಲೀಟರ್ ಗುಣಿಸು 18 ಡಿಗ್ರಿ, 4320. ಅದನ್ನು 860ರಿಂದ ಭಾಗಿಸಿದರೆ ದಿನಕ್ಕೆ 5 ಯೂನಿಟ್, ತಿಂಗಳಿಗೆ 155.

ಆದರೆ ಗೀಸರ್ ಲೈನಿಗೆ ಹಾಕಿಸಿದ ಸಣ್ಣ ಮೀಟರ್ ಆ ತಿಂಗಳು ತೋರಿಸಿದ್ದು 198. ಉಳಿದ 43 ಯೂನಿಟ್ ಎಲ್ಲಿ ಹೋಯಿತು? ರಾತ್ರಿಯಿಡೀ ಸ್ವಿಚ್ ಹಾಕಿಯೇ ಇರುತ್ತಿದ್ದೆವು, ಗೀಸರ್ ಆರುತ್ತಿತ್ತು, ಮತ್ತೆ ಕಾಯುತ್ತಿತ್ತು. ಹಿಂದಿನ ಬಚ್ಚಲಿಗೆ ಪೈಪ್ ಉದ್ದ, ಪ್ರತಿ ಸ್ನಾನಕ್ಕೂ ಮೊದಲು ತಣ್ಣೀರು ಸುಮ್ನೆ ಹರಿಯುತ್ತಿತ್ತು. ಇದು ಯಾವ ಸೂತ್ರದಲ್ಲೂ ಸಿಗುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ.

ಮರುವರ್ಷ ಅದೇ ಜುಲೈನಲ್ಲಿ, ನೀರು 55 ಡಿಗ್ರಿಗೆ ಇಟ್ಟಾಗ ಪಂಪ್ ತಿಂದದ್ದು 79 ಯೂನಿಟ್. ಅಂದರೆ ಒಂದಕ್ಕೆ ಎರಡೂವರೆ. ಮುಂದಿನ ಜುಲೈಗೆ 48ಕ್ಕೆ ಇಳಿಸಿದೆ, 70 ಯೂನಿಟ್ ಆಯಿತು, ಹತ್ತಿರ ಹತ್ತಿರ 2.8. (ಹೀಗೆ ಕಡಿಮೆ ಬಿಸಿಯಲ್ಲಿ ನೀರು ತುಂಬಿಡುವವರು ವಾರಕ್ಕೊಮ್ಮೆ 60 ಡಿಗ್ರಿಗೆ ಕಾಯಿಸಲೇಬೇಕು. ಉಗುರುಬೆಚ್ಚಗಿನ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯಬೇಡಿ.)

ಮಳೆಯಲ್ಲಿ ಇದು ಕೆಲಸ ಮಾಡುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಚೆನ್ನಾಗಿಯೇ ಮಾಡುತ್ತದೆ. ಸೋಲಾರ್‌ಗೆ ಬಿಸಿಲು ಬೇಕು, ಇದಕ್ಕೆ ಬೇಕಾದದ್ದು ಗಾಳಿ. ನಮ್ಮ ಮಳೆಗಾಲದ ಗಾಳಿ 20-22 ಡಿಗ್ರಿ, ಪೂರ್ತಿ ತೇವ. ಆ ತೇವ ಪಂಪಿನ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿಯುವಾಗ ತನ್ನಲ್ಲಿರುವ ಬಿಸಿಯನ್ನೂ ಬಿಟ್ಟುಕೊಡುತ್ತದೆ. ಒಂದು ಲೀಟರ್ ನೀರು ಇಳಿದರೆ ಸುಮಾರು 0.68 ಯೂನಿಟ್ ಬಿಸಿ. ಆಷಾಢದ ಒಂದು ರಾತ್ರಿ ಪಂಪಿನ ಅಡಿಯ ಪೈಪಿಗೆ ಕೊಡಪಾನ ಇಟ್ಟು ನೋಡಿದೆ. ಬೆಳಿಗ್ಗೆ ಎರಡು ಲೀಟರ್ ಹತ್ತಿರ ನೀರಿತ್ತು. ಬಟ್ಟೆ ಒಣಗದ ಹಾಗೆ ಮಾಡುವ ಅದೇ ತೇವ ಸ್ನಾನದ ನೀರು ಕಾಯಿಸಿಕೊಡುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಈಗ ನಿಮ್ಮ ಬಿಲ್. ಜುಲೈ 310, ಮಾರ್ಚ್ 130, ವ್ಯತ್ಯಾಸ 180. ಸದ್ಯಕ್ಕೆ ಇದೇ ಗೀಸರ್ ಖರ್ಚು ಅಂತ ಹಿಡಿಯೋಣ. ಮಾರ್ಚ್‌ನಲ್ಲಿ ಫ್ಯಾನ್ ಓಡಿರುತ್ತದೆ, ಜುಲೈನಲ್ಲಿ ಲೈಟು, ಇಸ್ತ್ರಿಪೆಟ್ಟಿಗೆ ಜಾಸ್ತಿ, ಹಾಗಾಗಿ ಸ್ವಲ್ಪ ಆಚೀಚೆ ಆಗಬಹುದು. ಅಂಗಡಿಯವರ ಲೆಕ್ಕದಲ್ಲಿ 180ರಲ್ಲಿ 135 ಉಳಿದು, ಜುಲೈ ಬಿಲ್ 175ಕ್ಕೆ ಇಳಿಯಬೇಕು. ನನ್ನ ಮನೆಯ ಎರಡೂವರೆ ಹಿಡಿದರೆ ಉಳಿಯುವುದು 108, ಬಿಲ್ 202.

ಈ 202 ಅನ್ನುವ ಸಂಖ್ಯೆ ನೋಡಿ. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗಿದ್ದರೆ ನಿಮ್ಮ 170ರ ಮೇಲಿನದಕ್ಕೆ ಮಾತ್ರ ದುಡ್ಡು. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಳ್ಳಿ. ಈಗ 310ಕ್ಕೆ ಕಟ್ಟುವುದು 2170. 202 ಆದರೆ 1414. ನೀರನ್ನು 48 ಡಿಗ್ರಿಗೆ ಇಟ್ಟು 194ಕ್ಕೆ ತಂದರೆ ಕಟ್ಟುವುದು 24 ಯೂನಿಟ್‌ಗೆ, 168 ರೂಪಾಯಿ. ಎಂಟು ಯೂನಿಟ್ ವ್ಯತ್ಯಾಸಕ್ಕೆ ತಿಂಗಳಿಗೆ 1200 ರೂಪಾಯಿ ಮೇಲೆ! ಅಳೆಯದೆ ಅಂದಾಜಿಗೆ ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಆದರೂ ಇದು ಮಳೆಯ ನಾಲ್ಕು ತಿಂಗಳ ಮಾತು. ಉಳಿದ ತಿಂಗಳು ನಿಮಗೆ ಸೋಲಾರ್ ಬಿಸಿನೀರು ಕೊಡುತ್ತದೆ, ಅಲ್ಲಿ ಪಂಪ್ ಉಳಿಸುವುದಕ್ಕೆ ಏನೂ ಇಲ್ಲ. 202ರ ಲೆಕ್ಕದಲ್ಲಿ ವರ್ಷಕ್ಕೆ 3000 ರೂಪಾಯಿ, 194ರ ಲೆಕ್ಕದಲ್ಲಿ 8000. ಹಾಕಿದ 1.2 ಲಕ್ಷ ವಾಪಸ್ ಬರಲು ಒಂದರಲ್ಲಿ 40 ವರ್ಷ, ಇನ್ನೊಂದರಲ್ಲಿ 15. ಇದರ ಮೇಲೆ ಸ್ಟೆಬಿಲೈಸರ್ ಖರ್ಚು. ನಮ್ಮ ಕಡೆ ಸಂಜೆ ವೋಲ್ಟೇಜ್ ಬಿದ್ದಾಗ ಕಂಪ್ರೆಸರ್ ನರಳುವ ಶಬ್ದ ಕೇಳಿ, ಮೊದಲ ವಾರವೇ ತಂದು ಹಾಕಿದ್ದೆ.

ನಿಮ್ಮ ಮನೆಯಲ್ಲಿ ಬಚ್ಚಲೊಲೆ, ಹಂಡೆ ಇನ್ನೂ ಇದೆಯಾ? ತೋಟ ಇದ್ದರೆ ಕೊಯ್ಲಿನ ಅಡಿಕೆ ಸಿಪ್ಪೆ, ಒಣಗಿದ ಹಾಳೆ ಕೊಟ್ಟಿಗೆಯಲ್ಲಿ ಬಿದ್ದೇ ಇರುತ್ತದೆ. ಆರು ಜನರಲ್ಲಿ ನಾಲ್ವರು ಮಳೆಗಾಲ ಪೂರ್ತಿ ಹಂಡೆ ನೀರಿಗೆ ಬಂದರೆ 120 ಯೂನಿಟ್ ಇಳಿದು 190ಕ್ಕೆ ಬರುತ್ತೀರಿ. ಹೊಗೆ ಹೊರಗೆ ಹೋಗಲು ಚಿಮಣಿ ಸರಿಯಾಗಿರಬೇಕು, ಇಲ್ಲದಿದ್ದರೆ ಒಲೆ ಮುಂದೆ ಕೂರುವವರ ಎದೆಗೆ ಅದು ಒಳ್ಳೆಯದಲ್ಲ. ಒಲೆ ಬೇಡ ಅಂದರೆ ಎರಡು ಗೀಸರ್ ಬದಲು ಒಂದೇ ಓಡಿಸಿ, ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸಿ, ಆಮೇಲೆ ಸ್ವಿಚ್ ತೆಗೆದುಬಿಡಿ. ಇದೊಂದರಿಂದಲೇ 200ರ ಒಳಗೆ ಬರುವುದು ಕಷ್ಟ, ಆದರೆ ಸಾಕಷ್ಟು ಇಳಿಯುತ್ತದೆ.

ಮುಂದೆ ಸೋಲಾರ್ ಟ್ಯಾಂಕ್ ತೂತಾಗಿ ಹೊಸದೇ ತರಬೇಕಾದ ದಿನ ಬಂದರೆ ಮತ್ತೆ ಲೆಕ್ಕ ಹಾಕಿ. ಆಗ ಎರಡರ ಬೆಲೆಯ ವ್ಯತ್ಯಾಸವನ್ನಷ್ಟೇ ಪಂಪ್ ದುಡಿದುಕೊಟ್ಟರೆ ಸಾಕು.

ಅಲ್ಲಿಯವರೆಗೆ ಈ ಜೂನ್‌ನಲ್ಲಿ ಒಂದು ವಾರ ಹೀಗೆ ಮಾಡಿ. ಬೆಳಿಗ್ಗೆ ಗೀಸರ್ ಬಿಟ್ಟು ಬೇರೆ ಎಲ್ಲ ಸ್ವಿಚ್ ಆರಿಸಿ, ಮೀಟರ್ ರೀಡಿಂಗ್ ಬರೆದುಕೊಳ್ಳಿ. ಎಲ್ಲರ ಸ್ನಾನ ಆದ ಮೇಲೆ ಇನ್ನೊಮ್ಮೆ ಬರೆಯಿರಿ. ಬಕೆಟ್ ಎಷ್ಟು ಅಂತಲೂ ಎಣಿಸಿ. ಆ ಏಳು ದಿನದ ಸಂಖ್ಯೆ ಇಲ್ಲಿ ಹಾಕಿದರೆ ನಾನೇ ಕೂತು ಲೆಕ್ಕ ಮಾಡಿಕೊಡುತ್ತೇನೆ.