ಆ ಪತ್ರವನ್ನು ಕಳುಹಿಸಬೇಡಿ

ಸಹಪಾಠಿಯ ಮೇಲಿರುವುದು ವಯಸ್ಸಿನ ಆಕರ್ಷಣೆಯೋ ನಿಜವಾದ ಪ್ರೀತಿಯೋ ತಿಳಿಯುತ್ತಿಲ್ಲ, ಬರೆದಿಟ್ಟ ಪತ್ರವನ್ನು ಅವಳ ಗೆಳತಿಯ ಕೈಯಲ್ಲಿ ಕೊಡಲೇ ಎಂದು ಕೇಳಿದ್ದೀರಿ. 1997ರ ಮಳೆಗಾಲದಲ್ಲಿ ನಾನೂ ಅಂಥದೊಂದು ಪತ್ರ ಬರೆದಿದ್ದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದುಹೋದ ತುಮರಿ ಕಡೆಯವನು ನಾನು. ಸಾಗರದ ಕಾಲೇಜಿಗೆ ಬರಲು ನಾವು ಲಾಂಚನ್ನೇ ನಂಬಿದ್ದೆವು. ಅದೇ ಲಾಂಚಿನಲ್ಲಿ ಅವಳೂ ಬರುತ್ತಿದ್ದಳು. ಮಡಚಿದ ಕೊಡೆಯ ನೀರು ಬೇರೆಯವರ ಚೀಲಕ್ಕೆ ತಾಗದಂತೆ ಅದನ್ನು ಕಂಬಿಯಾಚೆ ಚಾಚಿ ಹಿಡಿದು ನಿಲ್ಲುತ್ತಿದ್ದಳು. ನನಗೆ ಕಾಣುತ್ತಿದ್ದುದು ಆ ಕೈಯ ಹಸಿರು ಬಳೆಗಳು ಮಾತ್ರ.

ಪತ್ರವನ್ನು ಗೆಳೆಯನೊಬ್ಬನ ಮೂಲಕ ಅವಳ ನೋಟ್‌ಬುಕ್ಕಿನೊಳಗೆ ಇಡಿಸಿದೆ. ತಪ್ಪು ಬರೆದದ್ದರಲ್ಲಿ ಇರಲಿಲ್ಲ. ಎದುರು ನಿಂತು ಹೇಳಿದ್ದರೆ ಅವಳು ಅಲ್ಲಿಯೇ ಬೇಡ ಎನ್ನಬಹುದಿತ್ತು, ವಿಷಯ ನಮ್ಮಿಬ್ಬರಲ್ಲೇ ಮುಗಿಯುತ್ತಿತ್ತು. ನಾನು ನನ್ನ ಅಂಜಿಕೆಯನ್ನು ಕಾಗದದಲ್ಲಿ ಮಡಿಸಿ ಅವಳ ಚೀಲಕ್ಕೆ ಹಾಕಿದೆ, ಅವಳಿಗೇ ಗೊತ್ತಿಲ್ಲದಂತೆ ಅದು ಅವಳ ಮನೆಯನ್ನು ಸೇರಿತು. ಅವಳಿಗಿಂತ ಮೊದಲು ಓದಿದವನು ಅವಳ ಅಣ್ಣ. ಮರುವಾರದಿಂದ ಅವಳ ಕಾಲೇಜು ನಿಂತಿತು. ಕೇಳದೆ ಬಂದ ಕಾಗದಕ್ಕೆ ಅವಳು ಉತ್ತರ ಹೇಳಬೇಕಾಯಿತು, ಬರೆದವನು ಮಾತ್ರ ಎಂದಿನಂತೆ ಲಾಂಚ್ ಹತ್ತುತ್ತಿದ್ದನು.

ಒಂದು ವರ್ಷ ಕಳೆದ ಮೇಲೆ, ಸಂಜೆಯ ಕೊನೆಯ ಲಾಂಚಿನಲ್ಲಿ ಅವಳು ಸಿಕ್ಕಾಗ ಕ್ಷಮೆ ಕೇಳಿದೆ. "ನಿಮ್ಮ ಕಾಗದದಲ್ಲಿ ನನ್ನ ಕಣ್ಣಿನ ಬಗ್ಗೆ ಅಷ್ಟು ಸಾಲು ಇತ್ತು, ನನ್ನ ಓದಿನ ಬಗ್ಗೆ ಒಂದೂ ಇರಲಿಲ್ಲ. ಕ್ಷಮೆ ಅಣ್ಣನ ಎದುರು ಕೇಳಿ" ಎಂದಳು. ಅಡಿಕೆ ಗೊನೆ ಕೊಯ್ಯುವ ಸಮಯ. ಅವರ ಅಂಗಳದಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದವರೆಲ್ಲರ ಮುಂದೆ, ಅದು ಅವಳು ಕೇಳಿ ಬರೆಸಿದ ಪತ್ರವಲ್ಲ, ತಪ್ಪೆಲ್ಲ ನನ್ನದು ಎಂದು ಹೇಳಿ ಬಂದೆ. ಅಣ್ಣ ಒಂದು ಮಾತೂ ಆಡಲಿಲ್ಲ. ಜೂನ್‌ನಲ್ಲಿ ಅವಳು ಮತ್ತೆ ಕಾಲೇಜಿಗೆ ಬಂದಳು.

ಅಲ್ಲಿಂದ ಮುಂದೆ ನಾವು ಮಾತನಾಡಿದ್ದು ಹೆಚ್ಚಾಗಿ ಲೆಕ್ಕಶಾಸ್ತ್ರದ ನೋಟ್ಸು, ಅವರ ತೋಟದ ಕೊಳೆರೋಗ, ನನ್ನ ಅಪ್ಪನ ಸಾಲ ಇವುಗಳ ಬಗ್ಗೆ. ಕೊಡೆಯನ್ನು ಹಾಗೇಕೆ ಹಿಡಿಯುತ್ತಾಳೆ ಎಂಬುದು ಆಗ ನನಗೆ ಅರ್ಥವಾಯಿತು. 2003ರಲ್ಲಿ ಮದುವೆಯಾದೆವು, ಮಾತುಕತೆಗೆ ನಮ್ಮ ಮನೆಗೆ ಬಂದವನು ಅದೇ ಅಣ್ಣ.

ಆದ್ದರಿಂದ ಆಕರ್ಷಣೆಯೋ ಪ್ರೀತಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹತ್ತೊಂಬತ್ತರಲ್ಲಿ ಅದನ್ನು ಬಿಡಿಸಿ ನೋಡಲು ನನಗೂ ಆಗಿರಲಿಲ್ಲ, ಆಗಬೇಕಾದ ಅಗತ್ಯವೂ ಇರಲಿಲ್ಲ. ಗೆಳತಿಯನ್ನು ನಡುವೆ ತರಬೇಡಿ. ಹಗಲಿನಲ್ಲಿ, ಅವಳು ಎದ್ದುಹೋಗಲು ದಾರಿಯಿರುವ ಜಾಗದಲ್ಲಿ, ನೀವೇ ಹೇಳಿ. ಬೇಡ ಎಂದರೆ ಎರಡನೆಯ ಸಲ ಕೇಳಬೇಡಿ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಸೇರಿಸಲು ಹೇಳಿದ್ದು ಇಷ್ಟು: ಮೊದಲು ಅವಳು ಏನು ಓದಬೇಕೆಂದಿದ್ದಾಳೆ ಎಂದು ಕೇಳಲಿ.