ಹಳೇ ಲ್ಯಾಪ್‌ಟಾಪಿನಲ್ಲಿ ಇರುವುದನ್ನೆಲ್ಲ ಹೊಸದಕ್ಕೆ ಹಾಗೇ ಸಾಗಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ವಿಂಡೋಸ್ 10 ಇರುವ ಹಳೇ ಲ್ಯಾಪ್‌ಟಾಪ್ ಈಗ ತುಂಬಾ ನಿಧಾನವಾಗಿದೆ, ವಿಂಡೋಸ್ 11 ಇರುವ ಹೊಸದೊಂದು ತಂದಿದ್ದೀರಿ. ಹಳೆಯದರಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಫೈಲ್‌ಗಳು, ಪುಟ ವಿನ್ಯಾಸದ ಪೇಜ್‌ಮೇಕರ್ ಕೆಲಸ, ಲೆಕ್ಕ ಇಡುವ ಟ್ಯಾಲಿ, ಮನೆಯ ಫೋಟೊ ಎಲ್ಲಾ ಇವೆ. ಪ್ರೋಗ್ರಾಂ ಸಮೇತ ಎಲ್ಲವನ್ನೂ ಹಾಗೇ ಎತ್ತಿ ಹೊಸದಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ.

ಫೈಲ್‌ಗಳನ್ನು ಹಾಕಬಹುದು. ಪ್ರೋಗ್ರಾಂಗಳನ್ನು ಆಗುವುದಿಲ್ಲ, ಅವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲೇಬೇಕು. ಆದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಷ್ಟೇ ಉತ್ತರ ಸಾಲದು. ಫೈಲ್ ಬಂದರೂ ಅದು ಓದಲು ಬರಬೇಕಲ್ಲ? ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ ಕೆಲಸದಲ್ಲಿರುವವನು, ಸುತ್ತಮುತ್ತಲಿನ ಪ್ರೆಸ್‌ಗಳಲ್ಲಿ ಯಾರು ಹೊಸ ಕಂಪ್ಯೂಟರ್ ತಂದರೂ ಈ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಪ್ರೋಗ್ರಾಂ ವಿಷಯ ಮುಗಿಸಿಬಿಡೋಣ. ಪ್ರೋಗ್ರಾಂ ಫೈಲ್ಸ್ ಅನ್ನುವ ಫೋಲ್ಡರನ್ನು ಕಾಪಿ ಮಾಡಿ ಹೊಸದರಲ್ಲಿ ಪೇಸ್ಟ್ ಮಾಡಿದರೆ ಬಹುತೇಕ ಯಾವುದೂ ಸರಿಯಾಗಿ ಓಡುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಪ್ರೋಗ್ರಾಂ ತನ್ನ ವಿವರಗಳನ್ನು ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಬರೆಯುತ್ತದೆ, ಕೆಲವು ಫೈಲ್‌ಗಳನ್ನು ವಿಂಡೋಸ್ ಫೋಲ್ಡರಿನಲ್ಲಿ ಇಡುತ್ತದೆ, ಇನ್ನು ಕೆಲವನ್ನು ಕಣ್ಣಿಗೆ ಕಾಣದ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇಡುತ್ತದೆ, ದುಡ್ಡು ಕೊಟ್ಟು ತಂದದ್ದಾದರೆ ಲೈಸೆನ್ಸನ್ನು ಆ ಯಂತ್ರಕ್ಕೇ ಕಟ್ಟಿಹಾಕಿರುತ್ತದೆ. ಒಂದು ಫೋಲ್ಡರ್ ಎತ್ತಿದರೆ ಉಳಿದದ್ದು ಹಿಂದೆಯೇ ಉಳಿಯುತ್ತದೆ. ವಿಸ್ಟಾ, ವಿಂಡೋಸ್ 7ರ ಕಾಲದಲ್ಲಿ ಈಸಿ ಟ್ರಾನ್ಸ್‌ಫರ್ ಅಂತ ಒಂದು ಸೌಲಭ್ಯ ಇತ್ತು, ಅದೂ ಫೈಲು, ಸೆಟ್ಟಿಂಗ್ ಮಾತ್ರ ಸಾಗಿಸುತ್ತಿತ್ತು, ಪ್ರೋಗ್ರಾಂ ಅಲ್ಲ. ವಿಂಡೋಸ್ 10ರಲ್ಲಿ ಅದನ್ನೂ ತೆಗೆದರು. ಪಿಸಿಮೂವರ್ ತರಹದ ದುಡ್ಡಿನ ಸಾಫ್ಟ್‌ವೇರ್‌ಗಳು ಪ್ರೋಗ್ರಾಂಗಳನ್ನೂ ಸಾಗಿಸಲು ನೋಡುತ್ತವೆ. ನನಗೆ ಅವು ಇಷ್ಟವಿಲ್ಲ. ಹಳೇ ಯಂತ್ರದಲ್ಲಿ ಜಮೆಯಾದ ಕಸವೂ ಜೊತೆಗೇ ಬರುತ್ತದೆ. ಕೊನೆಗೆ ಲೈಸೆನ್ಸ್ ಮತ್ತೆ ಹಾಕುವ ಕೆಲಸ ಹೇಗೂ ತಪ್ಪುವುದಿಲ್ಲ.

ಹಾಗಾಗಿ ಹಳೇ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ನಿಜವಾಗಿ ಬಳಸುವುದು ಯಾವುದು ಅಂತ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಬೇಡವೇ ಬೇಡ ಅನ್ನಿಸುತ್ತದೆ. ಬೇಕಾದ್ದನ್ನು ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಎಂಎಸ್ ಆಫೀಸ್ ಹಳೇ ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದರೆ ಅದು ಆ ಯಂತ್ರಕ್ಕೆ ಮಾತ್ರ. ಬೇರೆಯಾಗಿ ಕೊಂಡಿದ್ದರೆ, ಯಾವ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದಿರಿ ಅಂತ ಈಗಲೇ ನೆನಪು ಮಾಡಿಕೊಳ್ಳಿ.

ಇನ್ನು ಫೈಲ್‌ಗಳು. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದ್ದರೆ ಅದೇ ಒಳ್ಳೆಯದು, ಕೆಲಸ ಮುಗಿದ ಮೇಲೂ ಅದು ಬ್ಯಾಕಪ್ ಆಗಿ ಉಳಿಯುತ್ತದೆ. ಪೆನ್‌ಡ್ರೈವ್ ಬಳಸುವುದಾದರೆ ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇದೆಯಾ ನೋಡಿ. ಇದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರಲ್ಲಿ ಕೂರುವುದಿಲ್ಲ. ಮದುವೆ ವಿಡಿಯೊ ಇದ್ದವರಿಗೆಲ್ಲ ಈ ತಕರಾರು ಬರುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗುತ್ತದೆ, ಆದರೆ ಫಾರ್ಮ್ಯಾಟ್ ಮಾಡಿದರೆ ಅದರಲ್ಲಿ ಮೊದಲು ಇದ್ದದ್ದೆಲ್ಲ ಹೋಗುತ್ತದೆ ಅನ್ನುವುದು ನೆನಪಿರಲಿ.

ಕಟ್ ಮಾಡಬೇಡಿ, ಕಾಪಿ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಜೊತೆಗೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವ್ ಮೂರನ್ನೂ ಮರೆಯಬೇಡಿ. ನಮ್ಮವರ ಮುಖ್ಯವಾದ ಫೈಲ್‌ಗಳೆಲ್ಲ ಇರುವುದು ಅಲ್ಲೇ. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಫೈಲ್‌ಗಳ ಸಂಖ್ಯೆ ಮತ್ತು ಗಾತ್ರ ತಾಳೆಯಾಗಬೇಕು.

ಹಳೇ ಲ್ಯಾಪ್‌ಟಾಪಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ, ಅಥವಾ ಕಾಪಿ ನಡುನಡುವೆ ನಿಂತುಬಿಡುತ್ತಿದ್ದರೆ, ಎಲ್ಲವನ್ನೂ ಒಟ್ಟಿಗೆ ಕಾಪಿ ಮಾಡಲು ಹೋಗಬೇಡಿ. ಮತ್ತೆಂದೂ ಸಿಗದ್ದನ್ನು ಮೊದಲು ಎತ್ತಿಕೊಳ್ಳಿ. ಫೋಟೊ, ಲೆಕ್ಕ, ನೀವೇ ಬರೆದದ್ದು. ಸಿನಿಮಾ, ಹಾಡು ಆಮೇಲೆ. ಲ್ಯಾಪ್‌ಟಾಪ್ ಆನ್ ಆಗದೇ ಇದ್ದರೂ ಹೆದರಬೇಕಾಗಿಲ್ಲ. ಒಳಗಿನ ಹಾರ್ಡ್‌ಡಿಸ್ಕ್ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿದರೆ ಎಷ್ಟೋ ಸಲ ಅದು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಎರಡೂವರೆ ಇಂಚಿನ ಸಾಟಾ ಕೇಸ್ ಕೊಡಿ ಅಂತ ಕೇಳಿ. ಬೆಂಗಳೂರಿನ ಎಸ್‌.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಂತೂ ಖಂಡಿತ ಸಿಗುತ್ತದೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಆ ಡಿಸ್ಕ್ ವಿಂಡೋಸ್‌ನದೇ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನಿಂದ ಲಾಕ್ ಆಗಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಆ ಖಾತೆಯಲ್ಲೇ ಸಿಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಲಾಕ್ ಹೆಚ್ಚಾಗಿ ತಾನಾಗಿಯೇ ಆನ್ ಆಗಿರುತ್ತದೆ, ಹಾಗಾಗಿ ಹೊಸದರ ಕೀಯನ್ನೂ ಇವತ್ತೇ ಒಂದು ಕಾಗದದಲ್ಲಿ ಬರೆದಿಡಿ.

ಈಗ ಕನ್ನಡದ ಫೈಲ್‌ಗಳಿಗೆ ಬರೋಣ. ನಿಮಗೆ ಹೆಚ್ಚು ತೊಂದರೆ ಕೊಡುವುದು ಇದೇ. ಹಳೇ ನುಡಿಯಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಇದೆಯಲ್ಲ, ಕನ್ನಡವಾಗಿ ತೋರಿಸುವುದು ಅದು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ‘ಕನ್ನಡ’ ಅನ್ನುವ ಪದವೇ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಪಕ್ಕದಲ್ಲಿ ಪೌಂಡ್ ಗುರುತು, ಹೀಗೆ ಕಾಣುತ್ತದೆ. ನೋಡಿದವರು ಫೈಲ್ ಕೆಟ್ಟುಹೋಯಿತು, ವೈರಸ್ ಬಂತು ಅಂದುಕೊಂಡು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಫೈಲ್ ಚೆನ್ನಾಗಿಯೇ ಇದೆ, ಫಾಂಟ್ ಬಂದಿಲ್ಲ ಅಷ್ಟೇ.

ಹಳೇ ಲ್ಯಾಪ್‌ಟಾಪಿನ ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಇದೆ. ಅಲ್ಲಿಂದ ನುಡಿ ಅಂತ ಶುರುವಾಗುವ ಎಲ್ಲಾ ಫಾಂಟ್‌ಗಳನ್ನು ಕಾಪಿ ಮಾಡಿಕೊಳ್ಳಿ. ಬರಹ ಅನ್ನುವ ಕನ್ನಡ ಸಾಫ್ಟ್‌ವೇರ್ ಬಳಸುತ್ತಿದ್ದರೆ ಬಿಆರ್‌ಎಚ್ ಅಂತ ಶುರುವಾಗುವುದನ್ನೂ, ಶ್ರೀಲಿಪಿ ಇದ್ದರೆ ಅದರದ್ದನ್ನೂ ಎತ್ತಿಕೊಳ್ಳಿ. ಹೊಸದರಲ್ಲಿ ಎಲ್ಲವನ್ನೂ ಆರಿಸಿ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಹಳೇ ವರ್ಡ್ ಫೈಲ್‌ಗಳು ಮೊದಲಿನ ಹಾಗೇ ತೆರೆಯುತ್ತವೆ. ಇದಕ್ಕೆ ಐದು ನಿಮಿಷವೂ ಬೇಡ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ ಅನ್ನುವುದು ನನ್ನ ಕಳಕಳಿಯ ಮಾತು. ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆಗೆ, ತಿರುಗಿಸಿಟ್ಟುಕೊಳ್ಳಿ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಹಳೆಯದನ್ನು ತಿರುಗಿಸುವ ಪರಿವರ್ತಕಗಳು ಆನ್‌ಲೈನ್‌ನಲ್ಲಿ ಉಚಿತವಾಗಿಯೂ ಸಿಗುತ್ತವೆ. ಯೂನಿಕೋಡ್ ಆದ ಮೇಲೆ ಯಾವ ಫಾಂಟೂ ಸಾಗಿಸಬೇಕಾಗಿಲ್ಲ, ವಿಂಡೋಸ್ 8ರಿಂದ ಬರುತ್ತಿರುವ ನಿರ್ಮಲಾ ಯುಐ ಫಾಂಟಿನಲ್ಲೇ ಕನ್ನಡ ಇದೆ. ಮೊಬೈಲಿನಲ್ಲೂ ಓದಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಫೈಲಿನೊಳಗೆ ಒಂದು ಹೆಸರನ್ನು ಕನ್ನಡದಲ್ಲೇ ಹುಡುಕಬಹುದು. ಹತ್ತು ವರ್ಷದ ಲಗ್ನಪತ್ರಿಕೆ, ಸಂಘದ ವರದಿ, ಕರಡುಗಳ ರಾಶಿಯಲ್ಲಿ ಬೇಕಾದ್ದನ್ನು ಹೀಗೆ ಹುಡುಕಲು ಬಂದರೆ ಎಷ್ಟು ಸಮಯ ಉಳಿಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ತಿರುಗಿಸುವಾಗ ಒಂದು ಎಚ್ಚರ ಬೇಕು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನೂ ಕಣ್ಣಾಡಿಸಿ. ಮೂಲ ಫೈಲನ್ನು ಉಳಿಸಿಕೊಂಡೇ ಈ ಕೆಲಸ ಮಾಡಿ.

ಕೀಬೋರ್ಡಿನದೂ ಒಂದು ಮಾತು. ನುಡಿಯಲ್ಲಿ ಕೈ ಪಳಗಿರುವುದು ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ. ವಿಂಡೋಸ್‌ನಲ್ಲಿ ಬರೀ ‘ಕನ್ನಡ’ ಅಂತ ಇರುವ ಕೀಬೋರ್ಡ್ ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ, ಅದರಲ್ಲಿ ಅಕ್ಷರಗಳ ಜಾಗವೇ ಬೇರೆ. ಹೊಸ ನುಡಿ ಹಾಕಿಕೊಂಡರೆ ನಿಮ್ಮ ಅಭ್ಯಾಸದ ಕೀಲಿಗಳಲ್ಲೇ ಯೂನಿಕೋಡ್ ಟೈಪ್ ಮಾಡಬಹುದು.

ಪೇಜ್‌ಮೇಕರ್ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು. ಆ ಫೈಲ್‌ಗಳನ್ನು ಇನ್‌ಡಿಸೈನ್ ಅನ್ನುವ ಇನ್ನೊಂದು ಪುಟ ವಿನ್ಯಾಸದ ಸಾಫ್ಟ್‌ವೇರ್ ತನ್ನ ಸಿಎಸ್6 ಆವೃತ್ತಿಯ ತನಕ ತೆರೆಯುತ್ತಿತ್ತು, ಆಮೇಲೆ ಬಂದ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಅಂದರೆ ಹಳೇ ಲ್ಯಾಪ್‌ಟಾಪಿನಲ್ಲಿ ಪೇಜ್‌ಮೇಕರ್ ಇನ್ನೂ ಓಡುತ್ತಿರುವಾಗಲೇ ಮುಖ್ಯವಾದ ಕೆಲಸಗಳನ್ನೆಲ್ಲ ಪಿಡಿಎಫ್ ಮಾಡಿಟ್ಟುಕೊಳ್ಳಬೇಕು, ಒಳಗಿನ ಪಠ್ಯವನ್ನು ಬೇರೆ ಫೈಲಿಗೆ ತೆಗೆದಿಟ್ಟುಕೊಳ್ಳಬೇಕು. ಚಿತ್ರಗಳ ಲಿಂಕ್ ಇನ್ನೊಂದು ಸಮಸ್ಯೆ. ಚಿತ್ರ ಡಿ ಡ್ರೈವಿನ ಇಂಥ ಫೋಲ್ಡರಿನಲ್ಲಿದೆ ಅಂತ ಪೇಜ್‌ಮೇಕರ್ ಗುರುತು ಇಟ್ಟುಕೊಂಡಿರುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಬರೀ ಸಿ ಡ್ರೈವ್ ಇರುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ಕುಗ್ಗಿಸಿ ಡಿ ಅಂತ ಒಂದು ಮಾಡಿಕೊಂಡು, ಅದೇ ಹೆಸರಿನ ಫೋಲ್ಡರ್‌ಗಳಲ್ಲಿ ಫೈಲ್ ಇಟ್ಟರೆ ಲಿಂಕ್‌ಗಳು ತಪ್ಪುವುದಿಲ್ಲ.

ಟ್ಯಾಲಿಯಲ್ಲಿ ಎರಡು ಕೆಲಸ ಇದೆ, ಎರಡೂ ಬೇರೆ ಬೇರೆ. ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಎಲ್ಲಿದೆ ಅಂತ ಕಾಣುತ್ತದೆ. ಅಲ್ಲಿ ಅಂಕಿಗಳೇ ಹೆಸರಾಗಿರುವ ಫೋಲ್ಡರ್‌ಗಳಿರುತ್ತವೆ, ಒಂದೊಂದೂ ಒಂದೊಂದು ಕಂಪನಿ. ಟ್ಯಾಲಿ ಮುಚ್ಚಿ, ಅವನ್ನು ಪೂರ್ತಿಯಾಗಿ ಕಾಪಿ ಮಾಡಿ. ಎರಡನೆಯದು ಲೈಸೆನ್ಸ್. ಹಳೇ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಹಾಕಿಕೊಂಡು ಲೈಸೆನ್ಸ್ ಸರೆಂಡರ್ ಮಾಡಿ, ಅಂದರೆ ಆ ಯಂತ್ರದಿಂದ ಬಿಡಿಸಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಹೊಸದಕ್ಕೆ ಹೊಸ ರಿಲೀಸ್ ಹಾಕಿದರೆ ಡೇಟಾವನ್ನು ಅದಕ್ಕೆ ತಕ್ಕಂತೆ ಬದಲಾಯಿಸಬೇಕಾಗಬಹುದು, ಬದಲಾದ ಮೇಲೆ ಹಳೆಯದರಲ್ಲಿ ತೆರೆಯಲು ಬರುವುದಿಲ್ಲ. ಅದಕ್ಕೇ ಒಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಮುಟ್ಟದೇ ಇರಲಿ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಸಹಿ ಆ ಟೋಕನ್ನಿನ ಒಳಗೇ ಇರುತ್ತದೆ, ಹೊಸದಕ್ಕೆ ಅದರ ಡ್ರೈವರ್ ಮತ್ತು ಸಹಿ ಹಾಕುವ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಕು.

ಕ್ರೋಮ್‌ನಲ್ಲಿ ಗೂಗಲ್ ಖಾತೆಯಿಂದ ಸಿಂಕ್ ಆನ್ ಮಾಡಿದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ತಾವಾಗಿಯೇ ಬರುತ್ತವೆ. ಪ್ರೊಫೈಲ್ ಫೋಲ್ಡರನ್ನು ಸುಮ್ನೆ ಕಾಪಿ ಮಾಡಿದರೆ ಪಾಸ್‌ವರ್ಡ್ ಬರುವುದಿಲ್ಲ, ಅವು ಹಳೇ ವಿಂಡೋಸ್ ಖಾತೆಯ ಕೀಲಿಯಿಂದ ಮುಚ್ಚಿರುತ್ತವೆ. ಪಾಸ್‌ವರ್ಡ್‌ಗಳನ್ನು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ, ಹೊಸದರಲ್ಲಿ ಸೇರಿಸಿದ ತಕ್ಷಣ ಆ ಫೈಲ್ ಅಳಿಸಿ, ಅದನ್ನು ಯಾರು ಬೇಕಾದರೂ ತೆರೆದು ಓದಬಹುದು.

ಹೊಸ ಲ್ಯಾಪ್‌ಟಾಪಿನಲ್ಲಿ ಫೈಲ್ ಹಾಕುವ ಮುಂಚೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಒಮ್ಮೆ ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದು ತನ್ನ ಕಡೆಗೆ ಎಳೆದುಕೊಂಡಿರಬಹುದು. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಫೋಟೊ ಹಾಕಿದ ಕೂಡಲೇ ಜಾಗ ತುಂಬಿತು, ದುಡ್ಡು ಕಟ್ಟಿ ಅಂತ ಶುರುವಾಗುತ್ತದೆ. ಬೇಡದಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಫೋಲ್ಡರ್ ಬ್ಯಾಕಪ್ ಆಫ್ ಮಾಡಿ.

ಹಳೇ ಲ್ಯಾಪ್‌ಟಾಪನ್ನು ಕೂಡಲೇ ಎಕ್ಸ್‌ಚೇಂಜಿಗೆ ಕೊಡಬೇಡಿ. ಒಂದೆರಡು ತಿಂಗಳು, ಸಾಧ್ಯವಾದರೆ ಒಂದು ಜಿಎಸ್‌ಟಿ ರಿಟರ್ನ್ ಹೊಸದರಲ್ಲಿ ಸಲ್ಲಿಸುವ ತನಕ ಇಟ್ಟುಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ, ಹಾಗಾಗಿ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ. ಇಂಟರ್ನೆಟ್ ಇಲ್ಲದೆ ಪೇಜ್‌ಮೇಕರ್‌ಗೆ ಮಾತ್ರ ಇಟ್ಟುಕೊಂಡರೂ ನಡೆಯುತ್ತದೆ. ಮಾರುವುದೇ ಆದರೆ ಬರೀ ಫೈಲ್ ಡಿಲೀಟ್ ಮಾಡಿ ಕೊಡಬೇಡಿ. ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಕೊಟ್ಟು, ಡ್ರೈವ್ ಸ್ವಚ್ಛ ಮಾಡುವ ಸೆಟ್ಟಿಂಗನ್ನೂ ಆನ್ ಮಾಡಿ. ಅದಕ್ಕೆ ಕೆಲವು ಗಂಟೆ ಹಿಡಿಯಬಹುದು, ಚಾರ್ಜರ್ ಹಾಕಿಯೇ ಶುರು ಮಾಡಿ. ಟ್ಯಾಲಿ ಲೈಸೆನ್ಸ್ ಸರೆಂಡರ್ ಆಗಿದೆಯಾ ಅಂತ ಅದಕ್ಕೂ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.