ಬೋರ್ಡ್ ಬದಲಾಯಿಸಿದ್ದು ಯಾರಿಗೆ ಗೊತ್ತಿತ್ತು?

ಹಾಸನದ ಕಡೆಯಿಂದ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ನಮ್ಮ ಪತ್ರಿಕೆಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದಲ್ಲಿರುವುದು ಇಷ್ಟು. ನಾಲ್ಕು ಜನರ ಪ್ರಾಜೆಕ್ಟ್ ಟೀಂ. ಮಣ್ಣಿನ ತೇವ ನೋಡಿಕೊಂಡು ತಾನೇ ಶುರುವಾಗಿ ತಾನೇ ನಿಲ್ಲುವ ಪಂಪ್ ಮಾಡುತ್ತಿದ್ದಾರೆ. ರಿವ್ಯೂಗೆ ಎರಡು ದಿನ ಇದ್ದಾಗ ಇವರು ರಾತ್ರಿ ಒಬ್ಬರೇ ಕೂತು, ವೈಫೈ ಬೇಕು ಅಂತ, ಪಂಪ್ ನಡೆಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೊ ಊನೋ ಬೋರ್ಡ್ ತೆಗೆದು, ವೈಫೈ ಇರುವ ಇಎಸ್‌ಪಿ32 ಬೋರ್ಡ್ ಹಾಕಿದರು. ಗ್ರೂಪಿನಲ್ಲಿ ‘ಬೋರ್ಡ್ ಅಪ್‌ಡೇಟ್ ಮಾಡಿದೀನಿ’ ಅಂತ ಒಂದು ಸಾಲು ಹಾಕಿದರು. ಮೂರು ಥಂಬ್ಸ್ ಅಪ್ ಬಂತು. ರಿವ್ಯೂ ದಿನ ಪಂಪ್ ಶುರುವಾಯಿತು, ನಿಲ್ಲಲಿಲ್ಲ. ಕುಂಡ ತುಂಬಿ ನೀರು ಮೇಜಿನ ಮೇಲೆ ಹರಿದು ರಿಪೋರ್ಟ್ ಎಲ್ಲ ನೆನೆಯಿತು. ಪಂಪಿನ ಕೋಡ್ ಬರೆದಿದ್ದ ಗೆಳತಿ ಎಲ್ಲರ ಮುಂದೆ ‘ನೀನು ಯಾವತ್ತೂ ನಮಗೆ ಏನೂ ಹೇಳೋದೇ ಇಲ್ಲ’ ಅಂದಳು. ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್, ಹಾಳೆಯ ಮೇಲೆ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಎಂದು ಬರೆದರು. ಕೊನೆಗೆ ಇವರ ಪ್ರಶ್ನೆ: ‘ನೂರಕ್ಕೆ ಎಂಬತ್ತು ಕೆಲಸ ನಾನೇ ಮಾಡಿದ್ದೀನಿ ಸಾರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಿದರೆ ಸರಿಹೋಗುತ್ತಾ?’

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೋರ್ಸಿಗೆ ಸೇರಬೇಕು ಅನ್ನಿಸಿದರೆ ಸೇರಿ. ಇಂಗ್ಲಿಷ್ ಕಲಿತರೆ ಯಾವ ನಷ್ಟವೂ ಇಲ್ಲ. ಆದರೆ ನೀವು ಬರೆದಿರುವ ತೊಂದರೆ ಅದರಿಂದ ಹೋಗುವುದಿಲ್ಲ. ನೀವು ನಾಲ್ವರೂ ಲ್ಯಾಬಿನಲ್ಲಿ ಮಾತಾಡುವುದು ಕನ್ನಡ. ಗ್ರೂಪಿನಲ್ಲಿ ಹಾಕುವುದೂ ಕನ್ನಡ. ಕನ್ನಡದಲ್ಲೇ ಹೇಳಬೇಕಾಗಿದ್ದ ಒಂದು ಮಾತು ಹೇಳದೇ ಉಳಿಯಿತು, ಅದಕ್ಕೇ ಪಂಪ್ ನಿಲ್ಲಲಿಲ್ಲ.

ಆ ಮಾತು ಯಾವುದು ಅಂತ ಬಿಡಿಸಿ ನೋಡೋಣ. ಊನೋ ಬೋರ್ಡ್, ತೇವ ಅಳೆಯುವ ಸೆನ್ಸರಿನ ರೀಡಿಂಗನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಕೊಡುತ್ತದೆ. ಇಎಸ್‌ಪಿ32 ಅದನ್ನೇ 0ಯಿಂದ 4095ರವರೆಗೆ ಕೊಡುತ್ತದೆ. ನಿಮ್ಮ ಸೆನ್ಸರಿನಲ್ಲಿ ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತದೆ, ನೆನೆದಷ್ಟೂ ಇಳಿಯುತ್ತದೆ. ನಿಮ್ಮ ಗೆಳತಿ ಹಳೆಯ ಲೆಕ್ಕ ಹಿಡಿದು, 600ಕ್ಕಿಂತ ಜಾಸ್ತಿ ಬಂದರೆ ಪಂಪ್ ಓಡಲಿ, ಕೆಳಗಿಳಿದರೆ ನಿಲ್ಲಲಿ ಎಂದು ಬರೆದಿದ್ದಳು. ಅವಳ ಕೋಡ್ ಸರಿ ಇತ್ತು. ನಿಮ್ಮ ಬೋರ್ಡೂ ಸರಿ ಇತ್ತು. ಹೊಸ ಬೋರ್ಡಿನಲ್ಲಿ ಚೆನ್ನಾಗಿ ನೆನೆದ ಮಣ್ಣು ಕೂಡ 600ಕ್ಕಿಂತ ಎಷ್ಟೋ ಮೇಲಿನ ಸಂಖ್ಯೆ ತೋರಿಸುತ್ತದೆ ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ಕುಂಡ ಕೆರೆಯಾದರೂ ಪಂಪಿನ ಲೆಕ್ಕದಲ್ಲಿ ಮಣ್ಣು ಒಣಗೇ ಇತ್ತು.

ಇದು ನಿಮಗೊಬ್ಬರಿಗೇ ಆದದ್ದು ಅಂದುಕೊಳ್ಳಬೇಡಿ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯಿತು. ಎಂಜಿನ್ ಎಷ್ಟು ತಳ್ಳಿತು ಅನ್ನೋ ಲೆಕ್ಕವನ್ನು ಒಂದು ತಂಡ ಪೌಂಡ್‌ನಲ್ಲಿ ಕಳಿಸುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡು ಓದುತ್ತಿತ್ತು. ಎರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಎಲ್ಲೋ ಏನೋ ಹೊಂದುತ್ತಿಲ್ಲ ಅಂತ ದಾರಿಯ ಲೆಕ್ಕ ಹಾಕುವವರಿಗೆ ಮೊದಲೇ ಅನುಮಾನ ಬಂದಿತ್ತು, ಆದರೆ ಆ ಮಾತು ಕೇಳಬೇಕಾದವರ ಕಿವಿಗೆ ಗಟ್ಟಿಯಾಗಿ ಬೀಳಲಿಲ್ಲ. ಅವರೆಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

‘ನಾನು ಗ್ರೂಪಿನಲ್ಲಿ ಹಾಕಿದ್ದೆನಲ್ಲ’ ಅಂತ ನೀವು ಎರಡು ಕಡೆ ಬರೆದಿದ್ದೀರಿ. ಹಾಕಿದ್ದೀರಿ, ನಿಜ. ಆದರೆ ‘ಬೋರ್ಡ್ ಅಪ್‌ಡೇಟ್ ಮಾಡಿದೀನಿ’ ಅನ್ನೋದರಿಂದ ಆ ಹುಡುಗಿಗೆ ಏನು ತಿಳಿಯಬೇಕು? ಅದು ನೀವು ಮಾಡಿದ ಕೆಲಸದ ಸುದ್ದಿ. ಅವಳು ಮಾಡಬೇಕಾದ ಕೆಲಸದ ಸುದ್ದಿ ಅದರಲ್ಲಿಲ್ಲ. ಅದನ್ನೇ ಹೀಗೆ ಬರೆದಿದ್ದರೆ? ‘ಊನೋ ತೆಗೆದು ಇಎಸ್‌ಪಿ32 ಹಾಕಿದೀನಿ. ಇನ್ಮೇಲೆ ರೀಡಿಂಗ್ 4095ರವರೆಗೂ ಬರುತ್ತೆ. ನಿನ್ನ ಕೋಡಲ್ಲಿ 600 ಅಂತ ಇದ್ಯಲ್ಲ, ಅದು ಬದಲಾಗಬೇಕು ಅನ್ಸುತ್ತೆ. ನಾಳೆ ಹತ್ತು ಗಂಟೆಗೆ ಲ್ಯಾಬಲ್ಲಿ ಇಬ್ಬರೂ ಕೂತು ಒಂದು ಸಲ ನೀರು ಹಾಕಿ ನೋಡೋಣ್ವಾ?’ ನಾಲ್ಕೇ ಸಾಲು. ಏನು ಬದಲಾಯಿತು, ಅದರಿಂದ ಯಾರಿಗೆ ಏನಾಗುತ್ತದೆ, ಯಾರು ಏನು ಮಾಡಬೇಕು, ಯಾವಾಗ, ಎಲ್ಲ ಇದೆ. ಕೊನೆಯಲ್ಲಿ ಪ್ರಶ್ನೆ ಇದೆ, ಅದು ಮುಖ್ಯ. ಪ್ರಶ್ನೆಗೆ ಥಂಬ್ಸ್ ಅಪ್ ಒತ್ತಿ ಸುಮ್ಮನಾಗುವುದು ಸುಲಭವಲ್ಲ, ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಇಷ್ಟು ಬರೆಯಲು ನಿಮಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಇಲ್ಲಿಗೆ ನಾಲ್ಕು ಪುಟ ಇಷ್ಟು ಸ್ಪಷ್ಟವಾಗಿ ಬರೆದವರಿಗೆ ನಾಲ್ಕು ಸಾಲು ಕಷ್ಟವಲ್ಲ. ಹಾಗಾದರೆ ಯಾಕೆ ಬರೆಯಲಿಲ್ಲ? ಉತ್ತರ ನಿಮ್ಮ ಪತ್ರದ ಎರಡನೇ ಪುಟದಲ್ಲೇ ಇದೆ: ‘ಅವಳಿಗೆ ಆಗ ಇಂಟರ್ನಲ್ಸ್ ಪರೀಕ್ಷೆ ಇತ್ತು, ಯಾಕೆ ತೊಂದರೆ ಕೊಡೋದು ಅಂತ ನಾನೇ ಮಾಡಿದೆ.’

ಯಾಕೆ ತೊಂದರೆ ಕೊಡೋದು. ಈ ಮಾತು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ದಿನಾ ಕೇಳಿಬರುತ್ತದೆ ನೋಡಿ. ದಾಕ್ಷಿಣ್ಯ ಅಂತೀವಿ ಇದಕ್ಕೆ. ಕೇಳೋಕೆ ದಾಕ್ಷಿಣ್ಯ, ಆಗಲ್ಲ ಅನ್ನೋಕೆ ದಾಕ್ಷಿಣ್ಯ, ನಿನ್ನ ಕೆಲಸ ತಪ್ಪಾಗಿದೆ ಅಂತ ತೋರಿಸೋಕೂ ದಾಕ್ಷಿಣ್ಯ. ಒಳ್ಳೆಯ ಗುಣ ಅಂತಲೇ ನಮ್ಮನ್ನು ಬೆಳೆಸಿರುತ್ತಾರೆ, ಎಷ್ಟೋ ಕಡೆ ಅದು ಒಳ್ಳೆಯದೇ. ಜೊತೆಗೂಡಿ ಮಾಡುವ ಕೆಲಸದಲ್ಲಿ ಮಾತ್ರ ದಾಕ್ಷಿಣ್ಯ ಅಂದರೆ ಎದುರಿಗಿರುವವರಿಗೆ ಗೊತ್ತಾಗಬೇಕಾದ್ದನ್ನು ನಾವೇ ಇಟ್ಟುಕೊಂಡಂತೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ದಾಕ್ಷಿಣ್ಯದ ಹಿಂದೆ ಎಷ್ಟೋ ಸಲ ಸಣ್ಣದೊಂದು ಅಪನಂಬಿಕೆ ಕೂತಿರುತ್ತದೆ: ‘ಅವಳಿಗೆ ಹೇಳಿ, ವಿವರಿಸಿ, ಅವಳು ತಪ್ಪು ಮಾಡಿ, ನಾನು ಮತ್ತೆ ಸರಿಮಾಡೋದಕ್ಕಿಂತ ನಾನೇ ಮಾಡಿಬಿಡ್ತೀನಿ.’ ನಿಮ್ಮಲ್ಲಿ ಇದು ಇತ್ತಾ ಇಲ್ಲವಾ ಅಂತ ನನಗೆ ಗೊತ್ತಿಲ್ಲ. ನೀವೇ ಕೇಳಿಕೊಳ್ಳಿ. ನನ್ನಲ್ಲಿ ಇತ್ತು.

ಹನ್ನೆರಡು ವರ್ಷದ ಹಿಂದಿನ ದೀಪಾವಳಿ ವಿಶೇಷಾಂಕ. ಪುಟ ಪ್ರೆಸ್‌ಗೆ ಹೋಗಬೇಕಾದ ರಾತ್ರಿ. ಹಿರಿಯ ಕತೆಗಾರರೊಬ್ಬರ ಕತೆ ಹನ್ನೊಂದು ಸಾಲು ಜಾಸ್ತಿಯಾಗಿತ್ತು. ರಾತ್ರಿ ಹತ್ತೂವರೆ, ಅವರಿಗೆ ವಯಸ್ಸಾಗಿದೆ, ಈಗ ಯಾಕೆ ಎಬ್ಬಿಸೋದು ಅಂತ ನಾನೇ ಕೊನೆಯ ಪ್ಯಾರಾ ತೆಗೆದು ಪುಟ ಕಳಿಸಿದೆ. ಕತೆ ಇನ್ನೂ ಬಿಗಿಯಾಯಿತು ಅಂತ ಸಮಾಧಾನವೂ ಆಯಿತು. ಸಂಚಿಕೆ ಬಂದ ಮೂರನೇ ದಿನ ಅವರ ಫೋನ್. ಜಗಳ ಮಾಡಲಿಲ್ಲ. ‘ಒಂದು ಫೋನ್ ಮಾಡಬಹುದಿತ್ತಲ್ವಾ? ಮಧ್ಯದಲ್ಲೇ ಹನ್ನೊಂದು ಸಾಲು ನಾನು ತೆಗೆದುಕೊಡ್ತಿದ್ದೆ’ ಅಂದರು. ನಾನು ತೆಗೆದ ಪ್ಯಾರಾದಲ್ಲಿ ಆ ಕತೆಯ ಹೆಂಗಸು ಮೊದಲ ಸಲ ಬಾಯಿ ಬಿಟ್ಟು ಮಾತಾಡುತ್ತಿದ್ದಳು. ಆಮೇಲೆ ಅವರು ನಮಗೆ ಕತೆ ಕಳಿಸಲಿಲ್ಲ. ಅವರು ಈಗಿಲ್ಲ. ಆ ಹತ್ತೂವರೆ ಗಂಟೆ ಇವತ್ತಿಗೂ ನನ್ನ ತಲೆಯಲ್ಲಿದೆ. ಅವತ್ತಿನಿಂದ ಎಷ್ಟೇ ಹೊತ್ತಾಗಿರಲಿ, ಬರೆದವರನ್ನು ಕೇಳದೆ ಸಾಲು ತೆಗೆದಿಲ್ಲ.

ಈಗ ನಿಮ್ಮ ಎಂಬತ್ತರ ಲೆಕ್ಕ. ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಹೇಳುವುದಿಲ್ಲ. ಆದರೆ 1979ರಲ್ಲಿ ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನೋ ಮನಶ್ಶಾಸ್ತ್ರಜ್ಞರು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಕೇಳಿದರು, ಮನೆಯ ಇಂಥಿಂಥ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ. ಇಬ್ಬರ ಉತ್ತರ ಕೂಡಿಸಿದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಲಸಗಳಲ್ಲಿ ನೂರು ದಾಟುತ್ತಿತ್ತು. ಯಾರೂ ಬೇಕೆಂದು ಹೆಚ್ಚಿಸಿ ಹೇಳಿರಲಿಲ್ಲ. ನಾವು ಮಾಡಿದ್ದು ನಮಗೆ ಒಂದೊಂದಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ನಾವಿಲ್ಲದಾಗ ಆಗಿರುತ್ತದೆ. ನೀವು ನಾಲ್ವರೂ ಒಂದೊಂದು ಚೀಟಿಯಲ್ಲಿ ನಿಮ್ಮ ನಿಮ್ಮ ಪಾಲು ಬರೆದು, ಏನೇನು ಮಾಡಿದಿರಿ ಅಂತ ಕೆಳಗೆ ಪಟ್ಟಿ ಹಾಕಿ, ಒಟ್ಟಿಗೆ ತೆರೆದು ನೋಡಿ. ಮೊತ್ತ ನೂರೈವತ್ತು ಬಂದರೂ ಯಾರೂ ಮುನಿಸಿಕೊಳ್ಳಬೇಡಿ. ಪಟ್ಟಿಗಳನ್ನು ಓದಿ. ಪಂಪಿನ ಕೋಡ್ ಎಷ್ಟು ಸಲ ತಿದ್ದಿ ಬರೆದದ್ದು ಅಂತ ನಿಮಗೆ ಅಲ್ಲಿ ಗೊತ್ತಾಗುತ್ತದೆ.

ನಾಲ್ಕನೆಯವನ ವಿಷಯ ಬೇರೆ. ಲ್ಯಾಬಿಗೇ ಬರುವುದಿಲ್ಲ, ಬಂದರೆ ಮೊಬೈಲ್ ನೋಡುತ್ತಾನೆ ಅಂತ ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಂದು ವಿಷಯ ಮಾತ್ರ ನೋಡಿ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಅನ್ನೋ ಕೃಷಿ ಇಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಜನ ಹೆಚ್ಚಿದಷ್ಟೂ ಒಬ್ಬೊಬ್ಬರು ಎಳೆಯುವುದು ಕಡಿಮೆಯಾಗುತ್ತದೆ. ಆಮೇಲಿನವರು ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಅದೇ ಕಂಡಿತು. ನನ್ನ ದನಿ ಎಷ್ಟು ಅಂತ ಬೇರೆಯಾಗಿ ಗೊತ್ತಾಗುತ್ತದೆ ಅಂದಾಗ ಜನ ಮತ್ತೆ ಜೋರಾಗಿ ಕೂಗಿದರು. ಆ ಹುಡುಗನಿಗೆ ಇಲ್ಲಿಯವರೆಗೆ ಏನು ಕೆಲಸ ಕೊಟ್ಟಿದ್ದೀರಿ? ‘ರಿಪೋರ್ಟಿಗೆ ಹೆಲ್ಪ್ ಮಾಡು’ ಅಂತ. ಹೆಲ್ಪ್ ಅನ್ನೋದಕ್ಕೆ ತುದಿಯೂ ಇಲ್ಲ, ಬುಡವೂ ಇಲ್ಲ. ಸೆನ್ಸರ್ ಪರೀಕ್ಷೆಯನ್ನು ಪೂರ್ತಿ ಅವನ ಕೈಗೆ ಕೊಡಿ. ಒಣ ಮಣ್ಣು, ಅರ್ಧ ನೆನೆದದ್ದು, ಪೂರ್ತಿ ನೆನೆದದ್ದು, ಮೂರಕ್ಕೂ ಹತ್ತು ಹತ್ತು ರೀಡಿಂಗ್, ಶುಕ್ರವಾರ ಸಂಜೆಯೊಳಗೆ, ಮುಂದಿನ ರಿವ್ಯೂನಲ್ಲಿ ಅದನ್ನು ಅವನೇ ನಿಂತು ಹೇಳಬೇಕು. ಆಗಲೂ ಮಾಡದಿದ್ದರೆ ಗೈಡ್‌ಗೆ ಹೇಳಿ. ಅವನಿಗೆ ಮೊದಲು ತಿಳಿಸಿ, ರಿವ್ಯೂಗೆ ಎರಡು ವಾರ ಇರುವಾಗಲೇ ಹೇಳಿ. ಕೆಟ್ಟ ಮೇಲೆ ಹೇಳಿದರೆ ಅದು ಚಾಡಿಯಂತೆ ಕೇಳಿಸುತ್ತದೆ.

ನಿಮ್ಮ ಪತ್ರದ ಮೂಲೆಯಲ್ಲಿ ಒಂದು ಸಾಲಿತ್ತು, ನನಗೆ ಬಹಳ ಇಷ್ಟವಾಯಿತು. ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದವರೆಗೆ ಖೋ ಖೋ ಆಡಿದ್ದೆ, ಆಗ ಟೀಂ ಅಂದರೆ ಖುಷಿ ಇತ್ತು ಅಂತ. ಹಾಗಾದರೆ ಇದು ನಿಮ್ಮ ಮೈಗೆ ಗೊತ್ತಿರುವ ವಿಷಯ. ಅಟ್ಟಿಸಿಕೊಂಡು ಓಡುವವಳು ನಡುವಿನ ಗೆರೆ ದಾಟುವ ಹಾಗಿಲ್ಲ, ಹಿಂದಕ್ಕೆ ತಿರುಗುವ ಹಾಗಿಲ್ಲ. ಎದುರಾಳಿ ಆಚೆ ಬದಿಗೆ ನುಸುಳಿದಳೋ, ನೀವು ಎಷ್ಟೇ ಜೋರಾಗಿ ಓಡಿದರೂ ಪ್ರಯೋಜನವಿಲ್ಲ. ಆ ಕಡೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು, ಅದೂ ಕೇಳಿಸುವ ಹಾಗೆ. ಮುಟ್ಟದೆ ಅಂದರೂ ಫೌಲ್, ಕೂತವಳು ಖೋ ಸಿಗುವ ಮೊದಲೇ ಎದ್ದರೂ ಫೌಲ್. ಅವಳಿಗೆ ಆಗುತ್ತೋ ಇಲ್ಲವೋ, ಸುಸ್ತಾಗಿದ್ದಾಳೇನೋ ಅಂತ ನೀವು ಆಗ ಯೋಚಿಸುತ್ತಿರಲಿಲ್ಲ ಅಲ್ವಾ? ಅವಳು ಕೂತಿರುವುದೇ ಅದಕ್ಕೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಮೊದಲ ವಿಶ್ವಕಪ್ ನಡೆದಾಗ ನಮ್ಮ ಹುಡುಗಿಯರೂ ಹುಡುಗರೂ ಇಬ್ಬರೂ ಗೆದ್ದರು, ನೀವೂ ನೋಡಿರುತ್ತೀರಿ. ಆ ರಾತ್ರಿ ಬೋರ್ಡ್ ಬದಲಾಯಿಸುವಾಗ ನೀವು ಗೆರೆಯ ಈಚೆ ಬದಿಯಲ್ಲೇ ಒಬ್ಬರೇ ಓಡಿದಿರಿ.

ಗೆಳತಿಯ ಹತ್ತಿರ ಮಾತಾಡಲು ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಮೆಸೇಜ್ ಬೇಡ. ಕ್ಯಾಂಟೀನಿಗೆ ಕರೆಯಿರಿ. ‘ಬೋರ್ಡ್ ಬದಲಾಯಿಸಿದ್ದನ್ನ ನಿನಗೆ ಸರಿಯಾಗಿ ಹೇಳಲಿಲ್ಲ, ಅದು ನನ್ನ ತಪ್ಪು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ’ ಅಂತ ನಾಲಿಗೆ ತುದಿಗೆ ಬರುತ್ತದೆ, ಬರದ ಹಾಗೆ ನೋಡಿಕೊಳ್ಳಿ. ಅವಳು ಏನು ಹೇಳುತ್ತಾಳೋ ಪೂರ್ತಿ ಕೇಳಿ. ಅವಳ ಮಾತಿನಲ್ಲಿ ಹಳೆಯದೂ ಬರಬಹುದು, ಬರಲಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಮುಂದಿನ ರಿವ್ಯೂಗೆ ಯಾವ ಭಾಗ ಪೂರ್ತಿ ನಿನಗೆ ಬೇಕು?’

ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್ ಬಗ್ಗೆ ಇರುವ ಭಯಕ್ಕೆ ಒಂದೆರಡು ಮಾತು. ನೀವು ತಾಳಮದ್ದಳೆ ಕೇಳಿದ್ದೀರೋ ಇಲ್ಲವೋ. ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ವೇಷ ಇಲ್ಲ, ಬರೆದುಕೊಟ್ಟ ಮಾತಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವರು, ಕೂತಲ್ಲೇ ಮಾತು ಕಟ್ಟಬೇಕು, ಅದೂ ಎದುರಿನವರು ಈಗಷ್ಟೇ ಆಡಿದ ಮಾತಿನ ಎಳೆ ಹಿಡಿದು. ಎದುರಿನ ಮಾತು ಕೇಳಿಸಿಕೊಳ್ಳದೆ ಬಾಯಿಪಾಠ ಒಪ್ಪಿಸಿದರೆ ಸಭೆಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಡಿಸ್ಕಷನ್‌ನಲ್ಲೂ ಹಾಗೇ ಮಾಡಿ. ಮುಂಚೆ ಮಾತಾಡಿದವರ ಒಂದು ಮಾತು ಹಿಡಿದುಕೊಂಡು, ಅದಕ್ಕೆ ನಿಮ್ಮದೊಂದು ಸೇರಿಸಿ. ಇಂಗ್ಲಿಷ್ ತೊದಲಿದರೂ ಚಿಂತೆಯಿಲ್ಲ.

ಇಂಗ್ಲಿಷಿಗೆ ಮೊದಲು ಒಂದು ಕೆಲಸ ಮಾಡಿ. ಅಪ್ಪನ ತೋಟದಲ್ಲಿ ಹನಿ ನೀರಾವರಿ ಇದೆ ಅಂತ ಬರೆದಿದ್ದೀರಿ. ಈ ವಾರ ಊರಿಗೆ ಹೋದಾಗ ನಿಮ್ಮ ಪ್ರಾಜೆಕ್ಟನ್ನು ಅವರಿಗೆ ಹೇಳಿ. ಸೆನ್ಸರ್ ಅಂದರೇನು, ಅದು ಮಣ್ಣಿನಲ್ಲಿ ಏನು ನೋಡುತ್ತದೆ, ಪಂಪಿಗೆ ಹೇಗೆ ತಿಳಿಯುತ್ತದೆ, ಎಲ್ಲ ನಿಮ್ಮ ಮನೆಮಾತಿನಲ್ಲಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ಇನ್ನೂ ಪೂರ್ತಿ ಗೊತ್ತಿಲ್ಲ ಅಂತ ಲೆಕ್ಕ. ಅವರು ಬಹುಶಃ ಮೊದಲು ಕೇಳುವುದು ‘ತ್ರೀ ಫೇಸ್ ಕರೆಂಟ್ ಬರೋದೇ ದಿನಕ್ಕೆ ಕೆಲವು ಗಂಟೆ, ಮಣ್ಣು ಒಣಗಿದ ಹೊತ್ತಲ್ಲಿ ಕರೆಂಟೇ ಇಲ್ಲದಿದ್ರೆ ನಿನ್ನ ಪಂಪ್ ಏನು ಮಾಡುತ್ತೆ?’ ಅಂತ. ಆ ಪ್ರಶ್ನೆಯನ್ನು ಒಬ್ಬರೇ ಬಿಡಿಸಲು ಕೂರಬೇಡಿ, ಸೋಮವಾರ ಟೀಮಿನ ಮುಂದೆ ಇಡಿ.

ದಿನಾ ಸಂಜೆ ಲ್ಯಾಬಿನಿಂದ ಹೊರಡುವ ಮುಂಚೆ ನಾಲ್ವರೂ ಹತ್ತು ನಿಮಿಷ ನಿಂತು ಮಾತಾಡಿ. ಇವತ್ತು ನಾನು ಏನು ಬದಲಾಯಿಸಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎರಡೇ. ಮೊದಲ ವಾರ ಮುಜುಗರವಾಗುತ್ತದೆ. ‘ನನಗಿದು ಆಗ್ತಿಲ್ಲ’ ಅನ್ನೋ ಮಾತನ್ನು ಯಾರಾದರೊಬ್ಬರು ಮೊದಲು ಆಡಬೇಕಲ್ಲ, ಅದನ್ನು ನೀವು ಆಡಿ. ಟೀಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವರು ಅಂತ ನಿಮ್ಮನ್ನು ಅವರು ನೋಡುತ್ತಿದ್ದಾರೆ. ನೀವೇ ಹಾಗೆ ಅಂದ ಮೇಲೆ ಉಳಿದ ಮೂವರಿಗೂ ಬಾಯಿ ಬರುತ್ತದೆ.

ರಿವ್ಯೂ ಮುಗಿದ ಮೇಲೆ ಒಂದು ಕಾರ್ಡ್ ಹಾಕಿ. ಆ ಹುಡುಗಿ 600ರ ಜಾಗದಲ್ಲಿ ಈಗ ಎಷ್ಟು ಅಂತ ಬರೆದಿದ್ದಾಳೆ, ಅದನ್ನು ಯಾರ್ಯಾರು ಕೂತು ಅಳೆದಿರಿ ಅಂತ ತಿಳಿಸಿ.

– ಸಂ.